ಆಟದ ಪಿಸ್ತೂಲು ಹಿಡಿದ ಹುಡುಗ

ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸನೊಬ್ಬನ ಮಂಡಿಯಡಿ ಉಸಿರುಗಟ್ಟಿ ಸತ್ತ ಮೇಲೆ ನಮ್ಮ ಓಹಾಯೋ ರಾಜ್ಯದಲ್ಲಿಯೂ ಜನ ಪ್ರತಿಭಟಿಸಿ ಬೀದಿಗಿಳಿದರು. ಕೋವಿಡ್ ಸೋಂಕಿನ ಭಯದ ನಡುವೆಯೂ ಇಲ್ಲಿನ ನಮ್ಮ ಕನ್ನಡಿಗರ ಕೂಟದ ಕೆಲವು ಮನೆಗಳ ಮಕ್ಕಳು ಮಾಸ್ಕ್ ಧರಿಸಿ ಅವರೊಡನೆ ನಡೆದರು. ಗಾಬರಿಗೊಂಡ ತಂದೆತಾಯಿಯರು ನನಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: ಅವರ ಜಗಳದಲ್ಲಿ ನಮ್ಮ ಮಕ್ಕಳಿಗೇನು ಕೆಲಸ? ಮಕ್ಕಳಿಗೆ ಏನಾದರೂ ಆದೀತೆಂಬ ಆತಂಕ ನನಗೂ ಇದೆ. ಆದರೆ 'ಅವರ ಜಗಳ' ಎಂಬ ಮಾತನ್ನು ನಾನು ಒಪ್ಪಲಾರೆ.

2014ರ ನವೆಂಬರ್ 22ರಂದು ನಮ್ಮ ರಾಜ್ಯದ ಕ್ಲೀವ್‌ಲ್ಯಾಂಡಿನ ಪಾರ್ಕೊಂದರಲ್ಲಿ 12 ವರ್ಷದ ಕಪ್ಪು ಹುಡುಗ ತಮೀರ್ ರೈಸ್ ಆಟದ ಪಿಸ್ತೂಲು ಹಿಡಿದು ಆಡುತ್ತಿದ್ದ. ಪೊಲೀಸರಿಗೆ ಕರೆ ಮಾಡಿದವರು ಪಿಸ್ತೂಲು ಬಹುಶಃ ನಕಲಿ, ಹಿಡಿದವನು ಬಹುಶಃ ಚಿಕ್ಕ ಹುಡುಗ ಎಂದೇ ಹೇಳಿದ್ದರು. ಆ ಮಾತು ಕಾರಿನಲ್ಲಿದ್ದ ಪೊಲೀಸರಿಗೆ ತಲುಪಲಿಲ್ಲ. ಕಾರು ಬಂದು ಎರಡು ಸೆಕೆಂಡು ಕಳೆಯುವುದರೊಳಗೆ ಹುಡುಗನಿಗೆ ಗುಂಡು ತಗುಲಿತ್ತು. ತಮ್ಮನೆಡೆಗೆ ಓಡಿಬಂದ 14 ವರ್ಷದ ಅಕ್ಕನನ್ನು ನೆಲಕ್ಕೆ ಕೆಡವಿ ಕೈಕೋಳ ತೊಡಿಸಿದರು. ಮರುದಿನ ಅವನು ತೀರಿಕೊಂಡ. ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ, ಗ್ರ್ಯಾಂಡ್ ಜ್ಯೂರಿ, ಯಾರ ಮೇಲೂ ಆರೋಪ ಹೊರಿಸಲಿಲ್ಲ. ತಪ್ಪನ್ನು ಒಪ್ಪಿಕೊಳ್ಳದೆಯೇ ನಗರಾಡಳಿತ 60 ಲಕ್ಷ ಡಾಲರ್ ಪರಿಹಾರ ಕೊಟ್ಟಿತು. ಗುಂಡು ಹಾರಿಸಿದವನನ್ನು 2017ರಲ್ಲಿ ಕೆಲಸದಿಂದ ತೆಗೆದದ್ದು ನೌಕರಿಯ ಅರ್ಜಿಯಲ್ಲಿ ನಿಜ ಮುಚ್ಚಿಟ್ಟದ್ದಕ್ಕೆ, ಮಗುವಿನ ಸಾವಿಗಲ್ಲ. ನಮ್ಮ ಬೇಸಿಗೆ ಪಿಕ್ನಿಕ್ಕಿನಲ್ಲಿ ಅದೇ ವಯಸ್ಸಿನ ಹುಡುಗರು ಆಟದ ಪಿಸ್ತೂಲು ಹಿಡಿದು ಮರಗಳ ಹಿಂದೆ ಅಡಗುವುದನ್ನು ಕಂಡಾಗಲೆಲ್ಲ ನನಗೆ ತಮೀರ್ ನೆನಪಾಗುತ್ತಾನೆ.

ನಾವು ಈ ದೇಶಕ್ಕೆ ಬಂದದ್ದಾದರೂ ಹೇಗೆ? 1923ರಲ್ಲಿ ಭಾರತದಿಂದ ವಲಸೆ ಬಂದಿದ್ದ ಭಗತ್ ಸಿಂಗ್ ಥಿಂದ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲದ ಕಾರಣ ಪೌರತ್ವಕ್ಕೆ ಅರ್ಹರಲ್ಲವೆಂದು ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ನೀಡಿತ್ತು. ನಮ್ಮಂಥವರಿಗೆ ಬಾಗಿಲು ನಿಜವಾಗಿ ತೆರೆದದ್ದು 1965ರ ವಲಸೆ ಕಾಯ್ದೆ. ಅದೇ ವರ್ಷ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆಯ ಮೇಲೆ ಮತದಾನದ ಹಕ್ಕು ಕೇಳಿ ಹೊರಟ ಕಪ್ಪು ಜನರು ಪೊಲೀಸರ ಲಾಠಿಯೇಟು ತಿಂದಿದ್ದರು. ಬಣ್ಣ, ಮೂಲ ನೋಡಿ ಮನುಷ್ಯರನ್ನು ವಿಂಗಡಿಸುವ ಕಾನೂನುಗಳು ಬಿದ್ದುಹೋದದ್ದರಲ್ಲಿ ಅವರ ಹೋರಾಟದ ಪಾಲು ದೊಡ್ಡದು.

2015ರಲ್ಲಿ ಮೊಮ್ಮಗನನ್ನು ನೋಡಿಕೊಳ್ಳಲೆಂದು ಗುಜರಾತಿನಿಂದ ಅಲಬಾಮಾಕ್ಕೆ ಬಂದಿದ್ದ ಹಿರಿಯರೊಬ್ಬರು ಮಗನ ಮನೆಯ ಬಳಿ ಬೆಳಗಿನ ವಾಕಿಂಗ್ ಹೊರಟಿದ್ದರು. ಅಪರಿಚಿತ ಕಪ್ಪು ಮನುಷ್ಯನೊಬ್ಬ ತಿರುಗಾಡುತ್ತಿದ್ದಾನೆಂದು ಯಾರೋ ದೂರಿತ್ತರು. ಪೊಲೀಸನೊಬ್ಬ ಕೆಡವಿದ ರಭಸಕ್ಕೆ ಅವರ ಕುತ್ತಿಗೆಗೆ ಪೆಟ್ಟಾಗಿ ದೇಹ ಭಾಗಶಃ ನಿಶ್ಚೇಷ್ಟಿತವಾಯಿತು. ಆ ವ್ಯಕ್ತಿಯ ಸಂಕಟಕ್ಕೆ ನಾವೆಲ್ಲ ಮರುಗಿದೆವು. ಆದರೆ ಮನೆ ಕೊಳ್ಳುವಾಗ "ಅದು ಕರಿಯರ ಏರಿಯಾ, ಬೇಡ" ಎನ್ನುವುದನ್ನು ನಮ್ಮಲ್ಲಿ ಅನೇಕರು ಬಿಟ್ಟಿಲ್ಲ. ಆ ಮಾತು ನನ್ನ ಮನೆಯ ಊಟದ ಮೇಜಿನ ಮೇಲೂ ಬಂದಿದೆ, ಆಗ ನಾನು ಸುಮ್ಮನಿದ್ದೆ. ಮಕ್ಕಳು ಅದನ್ನು ಕೇಳಿಸಿಕೊಂಡೇ ಬೆಳೆದಿದ್ದಾರೆ. ಮುಂದಿನ ಮೆರವಣಿಗೆಗೆ ಅವರು ಹೊರಟಾಗ ನಾನೂ ಜೊತೆಗೆ ಹೋಗುತ್ತೇನೆ. ಫೋನು ಮಾಡಿದವರೂ ಬರಬೇಕೆಂದು ಕೇಳಿಕೊಳ್ಳುತ್ತೇನೆ.