ಕೆರ ಮೆಟ್ಟಿಕೋ ಎಂದ ದೂತ

ಪ್ರಿಯ ಮಗಳೇ,

ಕರ್ತನಾದ ಯೇಸು ಕ್ರಿಸ್ತನ ಕೃಪೆಯೂ ಶಾಂತಿಯೂ ನಿನಗೂ ಅಳಿಯಂದಿರಿಗೂ ಮಕ್ಕಳಿಗೂ ಇರಲಿ.

ನಿನ್ನ ಕಾಗದ ಓದಿದೆ. ಮೂತ್ರಪಿಂಡಗಳು ಸೋತು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಾಗಿರುವ ಗಂಡ, ನಿಂತುಹೋದ ಸಂಬಳ, ಮನೆಯ ಮೇಲಿನ ಸಾಲ, ಇನ್ನೂ ಶಾಲೆಯಲ್ಲಿರುವ ಮಕ್ಕಳು, ಇಷ್ಟೂ ಒಟ್ಟಿಗೆ ಮೇಲೆ ಬಿದ್ದಿರುವಾಗ ದೇವರು ಬಿಡಿಸುತ್ತಾನೆಂದು ಇನ್ನು ಹೇಗೆ ನಂಬಲಿ ಎಂದು ಕೇಳಿದ್ದೀಯೆ. ಇದನ್ನು ಅವಿಶ್ವಾಸವೆಂದು ನಾನು ಎಣಿಸುವುದಿಲ್ಲ. ನೀರು ಕುತ್ತಿಗೆಯ ತನಕ ಏರಿದೆಯೆಂದು ಮೊರೆಯಿಡುವ 69ನೆಯ ಕೀರ್ತನೆ ನಮ್ಮ ಸತ್ಯವೇದದಲ್ಲೇ ಇದೆ. 88ನೆಯ ಕೀರ್ತನೆಯಂತೂ ಒಂದು ಸಮಾಧಾನದ ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನು ದೇವರು ತನ್ನ ಗ್ರಂಥದಿಂದ ತೆಗೆದುಹಾಕಿಸಲಿಲ್ಲ. ನಿನ್ನದನ್ನೂ ಆತನು ತಳ್ಳಿಹಾಕುವುದಿಲ್ಲ.

ಆದರೆ ನಿನ್ನ ಕಾಗದದ ಒಂದು ಸಾಲು ನನ್ನನ್ನು ಬಹಳ ನೋಯಿಸಿತು. ಪ್ರಾರ್ಥನಾ ಕೂಟದಲ್ಲಿ ಯಾರೋ, ನಿಮ್ಮ ನಂಬಿಕೆ ಪೂರ್ಣವಾಗಿದ್ದರೆ ಇಷ್ಟು ಹೊತ್ತಿಗೆ ಗುಣವಾಗಿರುತ್ತಿತ್ತು ಎಂದರಂತೆ. ಮಗಳೇ, ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯವನ್ನು ತೆರೆದು ನಿಧಾನವಾಗಿ ಓದು. ಅರಸನಾದ ಹೆರೋದ ಅಗ್ರಿಪ್ಪನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿ, ಅದು ಜನರಿಗೆ ಮೆಚ್ಚಿಕೆಯಾಯಿತೆಂದು ಕಂಡು ಯೇಸುವಿನ ಇನ್ನೊಬ್ಬ ಶಿಷ್ಯನಾದ ಪೇತ್ರನನ್ನೂ ಹಿಡಿಸಿ, ಪಸ್ಕ ಹಬ್ಬವಾದ ಮೇಲೆ ಜನರ ಮುಂದೆ ತರಬೇಕೆಂದು ಸೆರೆಯಲ್ಲಿಡಿಸುತ್ತಾನೆ. ನಾಲ್ಕು ನಾಲ್ಕು ಮಂದಿಯ ನಾಲ್ಕು ತಂಡಗಳು ಕಾವಲಿರುತ್ತವೆ. ಸಭೆಯವರು ಆಸಕ್ತಿಯಿಂದ ಪ್ರಾರ್ಥಿಸುತ್ತಾರೆ. ಆ ರಾತ್ರಿ ಪೇತ್ರನು ದೇವದೂತನ ಮೂಲಕ ಬಿಡುಗಡೆಯಾಗಿ ಮಾರ್ಕನ ತಾಯಿ ಮರಿಯಳ ಮನೆಯ ಬಾಗಿಲು ತಟ್ಟಿದಾಗ, ಅದೇ ಬಿಡುಗಡೆಗಾಗಿ ಮೊಣಕಾಲೂರಿದ್ದ ಜನರು ಸುದ್ದಿ ತಂದ ರೋದೆ ಎಂಬ ಹುಡುಗಿಗೆ ನಿನಗೆ ಹುಚ್ಚು ಹಿಡಿದಿದೆ ಎಂದರು. ಅವಳು ಬಿಡದೆ ಸಾಧಿಸಿದಾಗ ಅದು ಅವನ ದೂತನಿರಬೇಕು ಎಂದರು. ಹೊರಗೆ ಕಾಲಿಟ್ಟಿದ್ದ ಪೇತ್ರನಿಗೇ ತಾನು ಕಾಣುತ್ತಿರುವುದು ದರ್ಶನವೋ ನಿಜವೋ ತಿಳಿದಿರಲಿಲ್ಲ. ಪ್ರಾರ್ಥಿಸಿದವರೂ ನಂಬಲಿಲ್ಲ, ಬಿಡುಗಡೆ ಹೊಂದಿದವನಿಗೂ ನಿಶ್ಚಯವಿರಲಿಲ್ಲ, ಆದರೂ ಸಂಕೋಲೆಗಳು ಕಳಚಿಬಿದ್ದವು. ಮನುಷ್ಯರ ಧೈರ್ಯವನ್ನು ಅಳೆದು ಅದಕ್ಕೆ ತಕ್ಕಷ್ಟೇ ಬಿಡಿಸುವ ದೇವರು ಅಲ್ಲಿ ನನಗೆ ಕಾಣುವುದಿಲ್ಲ. ಇನ್ನೊಮ್ಮೆ ಯಾರಾದರೂ ಆ ಮಾತು ಆಡಿದರೆ ಈ ಅಧ್ಯಾಯವನ್ನು ಅವರ ಮುಂದಿಡು. ಗುಣವಾಗಲು ಕಾಣಿಕೆ ಕೊಡಿ, ಔಷಧ ಬಿಡಿ ಎನ್ನುವವರನ್ನಂತೂ ಮನೆಯೊಳಗೆ ಸೇರಿಸಬೇಡ.

ಯಾಕೋಬನ ಮಾತು ಬಿಟ್ಟು ಮುಂದೆ ಹೋಗುವುದು ನ್ಯಾಯವಲ್ಲ. ಒಂದೇ ಅಧ್ಯಾಯದಲ್ಲಿ ಒಬ್ಬನು ಕತ್ತಿಗೆ ಬಲಿಯಾದನು, ಇನ್ನೊಬ್ಬನು ಹೊರಗೆ ಬಂದನು. ಇಬ್ಬರೂ ಕರ್ತನ ರೂಪಾಂತರವನ್ನು ಬೆಟ್ಟದ ಮೇಲೆ ಕಂಡವರೇ. ಯಾಕೋಬನಿಗೆ ನಂಬಿಕೆ ಸಾಲದೆ ಹೋಯಿತೆಂದು ಈ ಕೃತ್ಯಗಳನ್ನು ಬರೆದ ಲೂಕನು ಒಂದಕ್ಷರವೂ ಬರೆಯಲಿಲ್ಲ. ಕಾರಣವನ್ನೂ ಬರೆಯಲಿಲ್ಲ. ಪೇತ್ರನಿಗೂ ಆ ಬಿಡುಗಡೆ ಕೊನೆಯವರೆಗಿನದಲ್ಲ. ಅವನೂ ಮುಂದೆ ರೋಮಿನಲ್ಲಿ ರಕ್ತಸಾಕ್ಷಿಯಾದನೆಂದು ಸಭೆ ಮೊದಲಿನಿಂದ ಹೇಳಿಕೊಂಡು ಬಂದಿದೆ. ಆದುದರಿಂದ ಅಳಿಯಂದಿರು ಖಂಡಿತ ಎದ್ದು ಓಡಾಡುವರೆಂದು ನಾನು ಈ ಕಾಗದದಲ್ಲಿ ಮಾತು ಕೊಡಲಾರೆ. ಹಾಗಾಗಲೆಂದು ದಿನವೂ ಬೇಡುತ್ತೇನೆ. ನಾನು ನಿಶ್ಚಯವಾಗಿ ನಂಬಿರುವುದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಆರಂಭದಲ್ಲೇ ಹೇಳುವ ವಿಷಯವನ್ನು: ಆಸ್ಯಸೀಮೆಯಲ್ಲಿ ಶಕ್ತಿಮೀರಿದ ಭಾರದಿಂದ ಕುಗ್ಗಿ ಬದುಕುವ ಆಸೆಯನ್ನೇ ಬಿಟ್ಟಿದ್ದ ಅವನು, ತನ್ನ ಮೇಲೆ ಭರವಸವಿಡದೆ ಸತ್ತವರನ್ನು ಎಬ್ಬಿಸುವ ದೇವರ ಮೇಲೆ ಭರವಸವಿಡುವುದನ್ನು ಅಲ್ಲಿ ಕಲಿತನು. ಸತ್ತವರನ್ನು ಎಬ್ಬಿಸುವವನ ಕೈಯಲ್ಲಿ ಯಾಕೋಬನೂ ಕಳೆದುಹೋದವನಲ್ಲ. ನಿನ್ನ ಮನೆಯವರು ಆಸ್ಪತ್ರೆಯಿಂದ ಯಾವ ದಾರಿಯಲ್ಲಿ ಹೊರಟರೂ ಆ ಕೈಯಿಂದ ಆಚೆಗೆ ಹೋಗುವುದಿಲ್ಲ.

ಆ ರಾತ್ರಿಯ ಇನ್ನೊಂದು ಸಂಗತಿಯನ್ನು ನೀನು ಗಮನಿಸಬೇಕೆಂಬುದು ನನ್ನ ಆಸೆ. ಸಂಕೋಲೆ ಕಳಚುವುದೂ ಪಟ್ಟಣದ ಕಡೆಗಿದ್ದ ಕಬ್ಬಿಣದ ಬಾಗಿಲು ತೆರೆಯುವುದೂ ಪೇತ್ರನಿಂದಾಗುವ ಕೆಲಸಗಳಲ್ಲ. ಅವು ತಾವಾಗಿ ನಡೆದವು. ಆದರೆ ನಡುಕಟ್ಟಿಕೋ, ಕೆರ ಮೆಟ್ಟಿಕೋ, ಮೇಲಂಗಿ ಹೊದ್ದುಕೊಂಡು ನನ್ನ ಹಿಂದೆ ಬಾ ಎಂದು ದೂತನು ಅವನಿಗೇ ಹೇಳಿದನು. ಬಾಗಿಲು ತೆರೆಯಬಲ್ಲವನು ಕೆರ ತೊಡಿಸಲಾರದವನೇ? ಒಂದು ಬೀದಿ ದಾಟಿದ ಮೇಲೆ ದೂತನು ಹೊರಟುಹೋದನು. ಮುಂದಿನ ದಾರಿಯನ್ನು ಪೇತ್ರನು ಯೋಚಿಸಿ ತಾನೇ ಹಿಡಿದನು. ದೇವರ ಬಿಡುಗಡೆಗಾಗಿ ಕಾಯುವುದೆಂದರೆ ಕೈಕಟ್ಟಿ ಕುಳಿತುಕೊಳ್ಳುವುದಲ್ಲ, ತನ್ನಿಂದಾಗದ್ದನ್ನೆಲ್ಲ ತಲೆಯ ಮೇಲೆ ಹೊತ್ತುಕೊಂಡು ರಾತ್ರಿಯಿಡೀ ಎಚ್ಚರವಿರುವುದೂ ಅಲ್ಲ. ಮರುದಿನ ಏನಾಗುವುದೆಂದು ತಿಳಿದಿದ್ದರೂ ಪೇತ್ರನು ಇಬ್ಬರು ಸಿಪಾಯಿಗಳ ನಡುವೆ ನಿದ್ರೆ ಮಾಡುತ್ತಿದ್ದನಲ್ಲ! ಕಸಿಗೆ ಬೇಕಾದ ಮೂತ್ರಪಿಂಡ ಯಾವಾಗ ಸಿಗುವುದು ಎಂಬುದು ಕಬ್ಬಿಣದ ಬಾಗಿಲು. ಅದನ್ನು ರಾತ್ರಿ ದೇವರಿಗೆ ಒಪ್ಪಿಸಿ ಮಲಗು.

ನಿನ್ನ ಕೈಯಲ್ಲಿರುವುದನ್ನು ಮಾತ್ರ ತಡಮಾಡದೆ ಮಾಡು. ಅಂಗಾಂಗ ದಾನವನ್ನು ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಅಳಿಯಂದಿರ ಹೆಸರನ್ನು ಕಸಿ ಮಾಡುವ ಆಸ್ಪತ್ರೆಯ ಮೂಲಕವೇ ನೋಂದಾಯಿಸಬೇಕು. ಅಲ್ಲಿಯ ಸಂಯೋಜಕರನ್ನು ನೀನೇ ಹೋಗಿ ಕಾಣು. 1994ರ ಅಂಗಾಂಗ ಕಸಿ ಕಾಯ್ದೆಯಂತೆ ಒಡಹುಟ್ಟಿದವರೂ ಹೆಂಡತಿಯೂ ಕೊಡಬಹುದು, ಆದರೆ ಅದನ್ನು ಕಣ್ಣೀರಿನ ಭರದಲ್ಲಿ ನಿಶ್ಚಯಿಸದೆ ಪರೀಕ್ಷೆಗಳಾದ ಮೇಲೆ ವೈದ್ಯರೊಂದಿಗೆ ಕುಳಿತು ಮಾತಾಡಿರಿ. 2016ರಲ್ಲಿ ಆರಂಭವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ನಿಮ್ಮ ಪಡಿತರ ಚೀಟಿ ಯಾವುದೆಂದು ನೋಡಿಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸು. ಕಂತು ತಪ್ಪುವ ಮೊದಲೇ ಬ್ಯಾಂಕಿನವರಿಗೆ ಪರಿಸ್ಥಿತಿಯನ್ನು ಬರೆದು ತಿಳಿಸು.

ಮತ್ತೂ ಒಂದು ಮಾತು. ಪೌಲನು ತನ್ನ ಬಿಡುಗಡೆಯ ವಿಷಯ ಹೇಳಿದ ಕೂಡಲೇ, ನೀವೂ ಪ್ರಾರ್ಥನೆಯಿಂದ ನಮಗೆ ಸಹಾಯ ಮಾಡುತ್ತೀರಿ ಎನ್ನುತ್ತಾನೆ. ಅಷ್ಟು ದೊಡ್ಡ ಅಪೊಸ್ತಲನಿಗೆ ಬೇರೆಯವರ ಪ್ರಾರ್ಥನೆ ಬೇಕಾಗಿದ್ದರೆ ನಿನಗೆ ಬೇಕಾಗುವುದರಲ್ಲಿ ಅವಮಾನವೇನಿದೆ? ಮಾನ ಹೋಗುವುದೆಂದು ಮನೆಯ ಕಷ್ಟವನ್ನು ನಿಮ್ಮ ಸಭೆಯ ಅಯ್ಯನವರಿಗೂ ಹೇಳದೆ ಮುಚ್ಚಿಟ್ಟಿದ್ದೀಯೆ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಅವರ ಹತ್ತಿರ ಎಲ್ಲವನ್ನೂ ಹೇಳು. ನಿನ್ನ ದೊಡ್ಡಮ್ಮ ಬರುವ ವಾರ ಹೊರಟು ಬಂದು, ಡಯಾಲಿಸಿಸ್ ದಿನಗಳಲ್ಲಿ ಮಕ್ಕಳಿಗೆ ಊಟಕ್ಕೆ ಮಾಡಿ ಶಾಲೆಗೆ ಕಳುಹಿಸಿಕೊಡುತ್ತಾಳೆ. ನೀನು ಬೇಡವೆಂದರೂ ಅವಳು ಕೇಳುವವಳಲ್ಲ. ಆಸ್ಪತ್ರೆಯ ಕಾಗದಗಳ ಪ್ರತಿಗಳನ್ನು ಅವಳ ಕೈಯಲ್ಲಿ ಕಳುಹಿಸು, ಅರ್ಜಿಗಳನ್ನು ನಾನು ಬರೆದುಕೊಡುತ್ತೇನೆ.

ಕರ್ತನಲ್ಲಿ ನಿನ್ನ,
ದೊಡ್ಡಪ್ಪ