ಶಿಕ್ಷಣ ಸಚಿವರೇ, ತರಗತಿಯೆದುರು ಅಂಕ ಕೂಗುವುದನ್ನು ನಿಲ್ಲಿಸಿ

ಮಾನ್ಯ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ಮಕ್ಕಳನ್ನು ದೈಹಿಕವಾಗಿಯಾಗಲಿ ಮಾನಸಿಕವಾಗಿಯಾಗಲಿ ನೋಯಿಸಬಾರದೆಂಬ ನಿಯಮ ನಿಮಗೆ ಗೊತ್ತೇ ಇದೆ. ಆದರೂ ಉತ್ತರಪತ್ರಿಕೆ ಹಂಚುವಾಗ ಅತಿ ಕಡಿಮೆ ಅಂಕದಿಂದ ಶುರುಮಾಡಿ ಹೆಸರು ಕೂಗುವುದು, ಆ ಮಗುವನ್ನು ಎಲ್ಲರೆದುರು ನಿಲ್ಲಿಸಿ ತಪ್ಪಾದ ಲೆಕ್ಕವನ್ನೇ ಬೋರ್ಡಿನ ಮೇಲೆ ಮಾಡಿಸುವುದು ಇಂದಿಗೂ ನಡೆದಿದೆ. ನಿಲ್ಲಿಸಿ ಎಂದು ಎಷ್ಟು ಸಲ ಕೇಳಿದರೂ ಬರುವ ಉತ್ತರ ಒಂದೇ: ‘ಸ್ವಲ್ಪ ಭಯ ಇರಬೇಕು.’

ಆ ಭಯ ಏನು ಮಾಡುತ್ತದೆಂದು ದಯವಿಟ್ಟು ನೋಡಿ. 47ಕ್ಕೆ 38 ಕೂಡಿಸುವ ಮಗು 7 ಮತ್ತು 8 ಸೇರಿ 15 ಎಂದು 5 ಬರೆದು, ದಶಕದ 1ನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡೇ 4 ಮತ್ತು 3ನ್ನು ಕೂಡಬೇಕು. ಹಾಗೆ ಹಿಡಿದಿಟ್ಟುಕೊಳ್ಳುವ ಜಾಗ ದೊಡ್ಡವರಲ್ಲೇ ಸುಮಾರು ನಾಲ್ಕು ಸಂಗತಿಗಳಿಗೆ ಸಾಲುವಷ್ಟು. ‘ತಪ್ಪಾದರೆ ನಗುತ್ತಾರೆ’ ಎಂಬ ಚಿಂತೆ ಅಲ್ಲಿ ಹೊಕ್ಕರೆ ಮೊದಲು ಜಾರುವುದು ಆ ದಶಕವೇ. ಉತ್ತರ 75 ಆಗುತ್ತದೆ. ಮಗುವಿಗೆ ಕೂಡುವುದು ಬರುವುದಿಲ್ಲ ಎಂದು ನಾವು ಷರಾ ಬರೆಯುತ್ತೇವೆ!

ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನು ಕಲಿತದ್ದನ್ನು ನೆನಪಿಗೆ ತಂದುಕೊಳ್ಳುವುದಕ್ಕೇ ಅಡ್ಡಬರುತ್ತದೆ. ‘ಮನೇಲಿ ಬರ್ತಿತ್ತು ಟೀಚರ್’ ಎಂದು ಮಗು ಹೇಳಿದರೆ ಅದನ್ನು ಸುಳ್ಳೆನ್ನಬೇಡಿ. ಇನ್ನೊಂದು ಕಡೆ, ಮಿದುಳಿನ ಅಮಿಗ್ಡಲಾ ಎಂಬ ಭಾಗ ಭಾವನೆ ಬೆರೆತ ಗಳಿಗೆಯನ್ನು ಗಟ್ಟಿಯಾಗಿ ಅಚ್ಚೊತ್ತಿಸುತ್ತದೆ. ಆದ್ದರಿಂದ ಮಗುವಿಗೆ ಅವಮಾನ ನೆನಪಿರುತ್ತದೆ, ಲೆಕ್ಕದ ಕ್ರಮ ಮರೆಯುತ್ತದೆ.

ಭಯದ ಪರ ವಾದಿಸುವವರು ಒತ್ತಡಕ್ಕೂ ಕಲಿಕೆಗೂ ಇರುವ ನಂಟನ್ನು ಇಲಿಗಳಲ್ಲಿ ನೋಡಿದ 1908ರ ಯರ್ಕಿಸ್–ಡಾಡ್ಸನ್ ಪ್ರಯೋಗವನ್ನು ಎತ್ತುತ್ತಾರೆ. ಪೂರ್ತಿ ಓದಲಿ. ಅಲ್ಲಿ ಸುಲಭದ ಕೆಲಸವನ್ನು ಇಲಿಗಳು ಜೋರಾದ ವಿದ್ಯುತ್ ಆಘಾತದಿಂದ ಬೇಗ ಕಲಿತವು, ನಿಜ. ಕಷ್ಟದ ಕೆಲಸದಲ್ಲಿ ಅದೇ ಜೋರು ಆಘಾತ ಕಲಿಕೆಯನ್ನು ನಿಧಾನಿಸಿತು. ಹೊಸ ಲೆಕ್ಕ ಮಗುವಿಗೆ ಯಾವಾಗಲೂ ಕಷ್ಟದ ಕೆಲಸವೇ.

ಬದಲಿಗೆ ಏನು ಮಾಡಬೇಕೆಂದು ಕೇಳುತ್ತೀರಿ. ಶಿಕ್ಷಕರು ಉತ್ತರಪತ್ರಿಕೆಯನ್ನು ಮಡಚಿ ಕೈಗೆ ಕೊಡಲಿ. ಅಂಕದ ಪಕ್ಕದಲ್ಲಿ ಎಲ್ಲಿ ತಪ್ಪಿತು ಎಂಬುದನ್ನು ಒಂದೇ ಸಾಲಿನಲ್ಲಿ ಬರೆಯಲಿ: ‘ದಶಕ ಸೇರಿಸಿಲ್ಲ.’ ಪ್ರಶ್ನೆ ಕೇಳಿದ ಮೇಲೆ ಕನಿಷ್ಠ 3 ಸೆಕೆಂಡು ಸುಮ್ಮನಿರಲಿ. ಸಾಮಾನ್ಯವಾಗಿ ನಾವು ಒಂದು ಸೆಕೆಂಡೂ ಕಾಯುವುದಿಲ್ಲ. ಮೊದಲು ಎಲ್ಲರೂ ಸ್ಲೇಟಿನಲ್ಲಿ ಬರೆದು ಪಕ್ಕದವರಿಗೆ ತೋರಿಸಲಿ, ಆಮೇಲೆ ಒಬ್ಬರನ್ನು ಎಬ್ಬಿಸಲಿ. ಈ ಕ್ರಮ ತಪ್ಪಿ ಮೊದಲೇ ಹೆಸರು ಕೂಗಿದರೆ ಉಳಿದವರು ಯೋಚಿಸುವುದನ್ನೇ ಬಿಡುತ್ತಾರೆ. ಪರೀಕ್ಷೆಗೆ ಮುಂಚೆ ಅಂಜುವ ಮಕ್ಕಳಿಗೆ ತಮ್ಮ ಅಂಜಿಕೆಯನ್ನು ಬರೆಯಲು 10 ನಿಮಿಷ ಕೊಡಲಿ. ಹಾಗೆ ಬರೆದ ವಿದ್ಯಾರ್ಥಿಗಳ ಅಂಕ ಸುಧಾರಿಸಿದ್ದನ್ನು 2011ರಲ್ಲಿ ಮನಶ್ಶಾಸ್ತ್ರಜ್ಞರಾದ ರಮಿರೆಜ್ ಮತ್ತು ಬೈಲಾಕ್ ತೋರಿಸಿದ್ದಾರೆ.

ಇದಕ್ಕೆ ಹೊಸ ಸಮಿತಿ ಬೇಡ, ಹಣವೂ ಬೇಡ. ತರಗತಿಯೆದುರು ಅಂಕ ಕೂಗಕೂಡದು ಎಂದು ಒಂದು ಸುತ್ತೋಲೆ ಹೊರಡಿಸಿ. ಮುಂದಿನ ಪರೀಕ್ಷೆಯ ಉತ್ತರಪತ್ರಿಕೆ ಹಂಚುವ ಮೊದಲೇ ಹೊರಡಿಸಿ.

ಇಂತಿ,
ಒಬ್ಬ ಶಾಲಾ ಶಿಕ್ಷಕಿ