ಗುರುವಾರಕ್ಕೆ ಮುಂಚೆ, ಮಗಳಿಗೊಂದು ಪತ್ರ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಾನು ಆಡಿದ ಮಾತು ತಪ್ಪು. ‘ಕೆಟಮಿನ್ ಅಂದ್ರೆ ಆಪರೇಷನ್ ಥಿಯೇಟರಿನಲ್ಲಿ ಪ್ರಜ್ಞೆ ತಪ್ಪಿಸೋಕೆ ಕೊಡೋ ಮದ್ದು, ಡಿಪ್ರೆಶನ್‌ಗೆ ಅದ್ಯಾಕೆ? ಹುಡುಗರು ಪಾರ್ಟಿಯಲ್ಲಿ ಹಾಳಾಗೋದೂ ಅದರಿಂದಲೇ’ ಅಂದುಬಿಟ್ಟೆ. ನೀನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ, ‘ಗುರುವಾರ ಆಸ್ಪತ್ರೆಗೆ ಬರೋದಾದ್ರೆ ಅಮ್ಮ ಆಗಿ ಬಾ, ಸಿಸ್ಟರ್ ಆಗಿ ಬರಬೇಡ’ ಅಂತ ಫೋನ್ ಇಟ್ಟೆ. ಎರಡು ದಿನದಿಂದ ಅದೇ ಮಾತು ಕಿವಿಯಲ್ಲಿದೆ. ಮತ್ತೆ ಫೋನ್ ಮಾಡಿದರೆ ಮತ್ತೇನಾದರೂ ಅಂದೇನು ಅಂತ ಭಯ. ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ಅಪ್ಪ ಎಚ್‌ಎಸ್‌ಆರ್‌ಗೆ ಬಂದಾಗ ಸಾರಿನ ಪುಡಿ ಡಬ್ಬಿ ಜೊತೆ ಇದನ್ನೂ ಕೊಡುತ್ತಾರೆ.

ಮಾರ್ಚ್ ತಿಂಗಳ ವಿಷಯ ಇಲ್ಲಿ ಬರೆಯುವುದಿಲ್ಲ. ಅದು ನಮ್ಮಿಬ್ಬರಿಗೂ ಗೊತ್ತಿದೆ.

ನಿನಗೆ ಗೊತ್ತಿಲ್ಲದ್ದು ಒಂದಿದೆ. ಈ ಮದ್ದು ನಿನ್ನ ಮೈಗೆ ಹೊಸದಲ್ಲ.

2001ರ ಏಪ್ರಿಲ್. ನಿನಗೆ ಆರು ವರ್ಷ. ಹನುಮಂತನಗರದ ಬಾಡಿಗೆ ಮನೆ ಹಿತ್ತಲಲ್ಲಿ ಸೀಬೆ ಮರದಿಂದ ಬಿದ್ದು ಎಡಗೈ ಮುರಿದುಕೊಂಡೆ. ಮರ ನಿನಗೆ ನೆನಪಿದೆ. ಹಿಟ್ಟಿನ ಕಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ಹೂ ಬರೆಸಿಕೊಂಡಿದ್ದೂ ನೆನಪಿದೆ. ನಡುವೆ ಆಗಿದ್ದು ಮಾತ್ರ ನಿನ್ನ ಹತ್ತಿರ ಇಲ್ಲ. ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಕರೆದುಕೊಂಡು ಹೋಗಿದ್ದೆ. ಮೂಳೆ ಎಳೆದು ಕೂರಿಸಬೇಕಿತ್ತು. ಅನಸ್ತೇಷಿಯಾ ಡಾಕ್ಟರ್ ಕೆಟಮಿನ್ ಕೊಟ್ಟರು. ಸ್ಟಾಫ್ ಅಂತ ನನ್ನನ್ನು ಒಳಗೆ ಬಿಟ್ಟರು.

ಕೆಟಮಿನ್ ಕೊಟ್ಟಾಗ ಮಕ್ಕಳು ನಿದ್ದೆ ಹೋದ ಹಾಗೆ ಕಾಣೋದಿಲ್ಲ. ಕಣ್ಣು ತೆರೆದೇ ಇರುತ್ತೆ. ಗುಡ್ಡೆ ಆ ಕಡೆ ಈ ಕಡೆ ಸಣ್ಣಗೆ ಓಡಾಡುತ್ತಿರುತ್ತೆ. ಉಸಿರು ತಾನಾಗೇ ಆಡುತ್ತೆ, ನೋವು ಮಾತ್ರ ತಟ್ಟೋದಿಲ್ಲ. ಅದಕ್ಕೇ ದೊಡ್ಡ ಸಲಕರಣೆ ಇಲ್ಲದ ಆಸ್ಪತ್ರೆಗಳಲ್ಲೂ ಇದನ್ನು ನಂಬುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ಇದೆಲ್ಲಾ ನನಗೆ ಬಾಯಿಪಾಠ. ಎಷ್ಟೋ ಮಕ್ಕಳನ್ನು ಹಾಗೆ ನೋಡಿದ್ದೆ. ಆದರೆ ಆವತ್ತು ನಿನ್ನ ಕಣ್ಣು ನನ್ನ ಮುಖದ ಮೇಲೆ ಹಾದುಹೋಯಿತು, ನಿಲ್ಲಲಿಲ್ಲ.

ಎಚ್ಚರವಾಗುವ ಹೊತ್ತಿಗೆ ಒಂದು ನಿಯಮ ಇದೆ. ಲೈಟು ಕಮ್ಮಿ ಮಾಡಬೇಕು. ಮಗುವನ್ನು ಅಲುಗಾಡಿಸಬಾರದು, ಕೂಗಬಾರದು. ಪಕ್ಕದಲ್ಲಿ ಸುಮ್ಮನೆ ಕೂತಿರಬೇಕು. ಗಲಾಟೆಯಾದರೆ ಹೆದರಿ ಏಳುತ್ತೆ. ಬೇರೆ ತಾಯಂದಿರಿಗೆ ಇದನ್ನು ಹೇಳುತ್ತಿದ್ದವಳು ನಾನೇ. ಆವತ್ತು ನಾನೇ ನಿನ್ನ ಕೆನ್ನೆ ತಟ್ಟಿದೆ. ‘ಪುಟ್ಟಿ, ಇಲ್ಲಿ ನೋಡು, ಅಮ್ಮ ಕಣೇ’ ಅಂತ ಕರೆದೆ. ಒಂದು ಸಲ ಅಲ್ಲ, ನಿಲ್ಲಿಸದೇ ಕರೆದೆ. ನೀನು ನನ್ನ ಕೈ ತಳ್ಳಿ ಕಿರುಚಿದೆ. ನನ್ನ ಮುಖವನ್ನೇ ನೋಡುತ್ತಾ ‘ಅಮ್ಮ ಬೇಕು, ಅಮ್ಮನ್ನ ಕರೀರಿ’ ಅಂದೆ. ಜೊತೆಯ ಸಿಸ್ಟರ್ ನನ್ನ ಭುಜ ಹಿಡಿದು ಹೊರಗೆ ಕಳಿಸಿದರು. ಅರ್ಧ ಗಂಟೆ ಆದಮೇಲೆ ನೀನು ಮೋಸಂಬಿ ಜ್ಯೂಸ್ ಕೇಳಿದೆಯಂತೆ. ನಾನು ಇನ್ನೂ ಕಾರಿಡಾರಿನಲ್ಲೇ ನಿಂತಿದ್ದೆ.

ಹೋದ ದೀಪಾವಳಿಗೆ ಮನೆಗೆ ಬಂದಿದ್ದೆಯಲ್ಲ, ಅಡುಗೆಮನೆ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದೆ. ಅದೇ ಕಣ್ಣು. ತೆರೆದಿದೆ, ನನ್ನ ಮೇಲೆ ನಿಲ್ಲುತ್ತಿಲ್ಲ. ನಾನು ಮತ್ತೆ ಅದನ್ನೇ ಮಾಡಿದೆ. ವಾಕಿಂಗ್ ಹೋಗು, ಪ್ರಾಣಾಯಾಮ ಮಾಡು, ಇಷ್ಟು ಒಳ್ಳೇ ಕೆಲಸ ಇದೆ, ಏನು ಕಮ್ಮಿಯಾಗಿದೆ ಅಂತ ಒಂದೇ ಸಮನೆ ಹೇಳಿದೆ. ನೀನು ಎರಡು ಥರದ ಮಾತ್ರೆ ತಿಂಗಳುಗಟ್ಟಲೆ ನುಂಗುತ್ತಿದ್ದಾಗಲೂ ಹೇಳಿದೆ. ಮೂವತ್ತು ವರ್ಷ ರೋಗಿಗಳ ಜೊತೆ ಇದ್ದವಳು ಮಗಳ ಕಾಯಿಲೆಯನ್ನು ಸೋಮಾರಿತನ ಅಂದುಕೊಂಡೆ. ಕ್ಷಮಿಸು.

ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಲೆಕ್ಕ ಹಾಕಿದೆ. ಆವತ್ತು ನೀನು 18 ಕೆ.ಜಿ. ಇದ್ದೆ. ಕೆ.ಜಿ.ಗೆ 2 ಮಿಲಿಗ್ರಾಂ ಲೆಕ್ಕದಲ್ಲಿ 36 ಮಿಲಿಗ್ರಾಂ, ಅದೂ ಒಂದು ನಿಮಿಷದಲ್ಲಿ ಕೊಟ್ಟಿದ್ದರು. ಈಗ ನೀನು 54 ಕೆ.ಜಿ. ನಿನ್ನ ಡಾಕ್ಟರ್ ಬರೆದಿರೋದು ಕೆ.ಜಿ.ಗೆ ಅರ್ಧ ಮಿಲಿಗ್ರಾಂ. ಅಂದರೆ 27. ಬಾಟಲಿಯಲ್ಲಿ 1 ಎಂ.ಎಲ್‌ಗೆ 50 ಮಿಲಿಗ್ರಾಂ ಇರುತ್ತೆ, ಸಿರಿಂಜಿಗೆ ಎಳೆದರೆ ಅರ್ಧ ಎಂ.ಎಲ್‌ಗಿಂತ ಚೂರು ಜಾಸ್ತಿ ಅಷ್ಟೇ. ಅದನ್ನು ಸಲೈನಿನಲ್ಲಿ ಬೆರೆಸಿ 40 ನಿಮಿಷ ನಿಧಾನಕ್ಕೆ ಬಿಡುತ್ತಾರೆ. ಆರು ವರ್ಷದ ನೀನು ತಡೆದುಕೊಂಡಿದ್ದಕ್ಕಿಂತ ಕಮ್ಮಿ. ಆ ಎರಡು ಅಂಕಿ ಅಕ್ಕಪಕ್ಕ ಬರೆದ ಮೇಲೆ ನನ್ನ ಕೈ ನಡುಕ ನಿಂತಿತು.

ಇನ್ನೊಂದು ವಿಷಯ ಓದಿದೆ. ಡಿಪ್ರೆಶನ್ ಇದ್ದ ಏಳೆಂಟು ಜನರಿಗೆ ಇದೇ ಅರ್ಧ ಮಿಲಿಗ್ರಾಂ ಕೊಟ್ಟು ನೋಡಿದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಡಾಕ್ಟರುಗಳ ವರದಿ ಬಂದಿದ್ದು 2000ದಲ್ಲಿ. ನಿನ್ನ ಕೈ ಮುರಿಯುವ ಹಿಂದಿನ ವರ್ಷ. ಇದರದ್ದೇ ಒಂದು ರೂಪವಾದ, ಮೂಗಿಗೆ ಸ್ಪ್ರೇ ಮಾಡುವ ಎಸ್‌ಕೆಟಮಿನ್‌ಗೆ ಅಲ್ಲಿ 2019ರಲ್ಲಿ ಒಪ್ಪಿಗೆಯೂ ಸಿಕ್ಕಿದೆ. ಇಷ್ಟು ವರ್ಷದಿಂದ ನಡೆಯುತ್ತಿರೋದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದೇ ಗದರಿಸಿದೆ.

ಗುರುವಾರ ಏನಾಗುತ್ತೆ ಅಂತ ಹೇಳುತ್ತೇನೆ, ಹೆದರಬೇಡ. ಡ್ರಿಪ್ ಶುರುವಾದ ಸ್ವಲ್ಪ ಹೊತ್ತಿಗೆ ತುಟಿ, ಬೆರಳ ತುದಿ ಜುಮ್ಮೆನ್ನಬಹುದು. ಆಮೇಲೆ ಮೈ ಹಗುರಾಗಿ ತೇಲಿದ ಹಾಗೆ, ಕೈಕಾಲು ನಿನ್ನದಲ್ಲದ ಹಾಗೆ ಅನ್ನಿಸಬಹುದು. ಮಾತು ದೂರದಿಂದ ಕೇಳಿಸುತ್ತೆ. ಒಂದು ವಸ್ತು ಎರಡಾಗಿ ಕಾಣಬಹುದು. ಹತ್ತು ನಿಮಿಷ ಒಂದು ಗಂಟೆ ಥರ ಇರಬಹುದು. ಕೆಲವರಿಗೆ ಹಿತವಾಗಿರುತ್ತೆ, ಕೆಲವರಿಗೆ ಸತ್ತೇ ಹೋದೆ ಅನ್ನುವಷ್ಟು ಭಯವಾಗುತ್ತೆ. ಕಾರಣ ಇಲ್ಲದೇ ಅಳು ಬಂದರೆ ಅತ್ತುಬಿಡು. ಬಿ.ಪಿ., ಪಲ್ಸ್ ಸ್ವಲ್ಪ ಏರುತ್ತೆ, ಅದಕ್ಕೇ ಮಾನಿಟರ್ ಹಾಕಿರುತ್ತಾರೆ. ತೀರಾ ತಡೆಯೋಕಾಗದಿದ್ದರೆ ಹೇಳು, ಪಂಪ್ ನಿಲ್ಲಿಸುತ್ತಾರೆ. ನಿಲ್ಲಿಸಿದ ಮೇಲೆ ಒಂದೆರಡು ಗಂಟೆಯಲ್ಲಿ ಇದೆಲ್ಲಾ ಇಳಿದುಹೋಗುತ್ತೆ. ತಲೆಸುತ್ತು, ವಾಕರಿಕೆ, ಸುಸ್ತು ಉಳಿಯಬಹುದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ವಾಂತಿ ಬಂದರೆ ಇರಲಿ ಅಂತ ನಾಲ್ಕು ಕವರ್ ನನ್ನ ಬ್ಯಾಗಿನಲ್ಲಿ ಹಾಕಿದ್ದೇನೆ. ಡಾಕ್ಟರ್ ಹೇಳಿದಷ್ಟು ಗಂಟೆ ಹೊಟ್ಟೆ ಖಾಲಿ ಇರಲೇಬೇಕು, ಅರ್ಧ ಬಿಸ್ಕೆಟ್ ಕೂಡ ಬೇಡ. ಆವತ್ತು ಸ್ಕೂಟರ್ ಮುಟ್ಟಬೇಡ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ ನೋಡೋಣ. ಆಫೀಸಿನ ಮೇಲ್‌ಗೆ ಉತ್ತರ ಬರೆಯಬೇಡ.

ಮನಸ್ಸಿನ ವಿಷಯ ಇದಕ್ಕಿಂತ ಕಷ್ಟ. ಕೆಲವರಿಗೆ ಅವತ್ತೇ ಅಥವಾ ಮಾರನೇ ದಿನವೇ ಎದೆ ಮೇಲಿನ ಕಲ್ಲು ಇಳಿದ ಹಾಗಾಗುತ್ತೆ. ಕೆಲವರಿಗೆ ಮೂರ್ನಾಲ್ಕು ಸಲ ಆಗಬೇಕು. ಕೆಲವರಿಗೆ ಏನೂ ಆಗೋದಿಲ್ಲ. ಆಗದಿದ್ದರೆ ಅದು ನಿನ್ನ ತಪ್ಪಲ್ಲ, ಆ ಮದ್ದು ಹೊಂದಲಿಲ್ಲ ಅಷ್ಟೇ. ಶುಕ್ರವಾರ ಚೆನ್ನಾಗಿದ್ದು ಸೋಮವಾರ ಮತ್ತೆ ಮಂಕು ಕವಿಯಬಹುದು. ಒಂದು ಡೋಸಿನ ಗುಣ ಕೆಲವೇ ದಿನ ಇರುತ್ತೆ, ಅದಕ್ಕೇ ವಾರಕ್ಕೆ ಎರಡರಂತೆ ಮೂರು ವಾರ, ಆರು ಸಲ ಅಂದಿದ್ದಾರೆ. ಆ ಸೋಮವಾರದ್ದೇ ನನಗೆ ಭಯ, ಗುರುವಾರದ್ದಲ್ಲ. ಚೆನ್ನಾದ ಒಂದು ದಿನ ಕಂಡು ಮತ್ತೆ ಕತ್ತಲಾದರೆ ಇನ್ನೂ ಜಾಸ್ತಿ ಅನ್ನಿಸುತ್ತೆ. ಆಗ ರಾತ್ರಿ ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು. ನನ್ನ ಹತ್ತಿರ ಹೇಳೋಕಾಗದ್ದು ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಮಾಡು, 14416. ನಂಬರ್ ಈಗಲೇ ಫೋನಿಗೆ ಹಾಕಿಕೋ. ಚೆನ್ನಾಗಿದೆ ಅಂತ ಹಳೇ ಮಾತ್ರೆಯನ್ನು ನೀನಾಗೇ ಬಿಡಬೇಡ. ಉರಿಮೂತ್ರ, ಪದೇ ಪದೇ ಮೂತ್ರಕ್ಕೆ ಹೋಗಬೇಕು ಅನ್ನಿಸಿದರೆ ಡಾಕ್ಟರಿಗೆ ಹೇಳು. ಇದನ್ನು ಜಾಸ್ತಿ ಜಾಸ್ತಿ ತಗೊಂಡವರ ಮೂತ್ರಕೋಶ ಹಾಳಾಗುತ್ತೆ. ಆಸ್ಪತ್ರೆಯ ಹೊರಗೆ ಯಾರು ಕೊಟ್ಟರೂ ಮುಟ್ಟಬೇಡ. 2013ರಿಂದ ಇದು ನಮ್ಮಲ್ಲಿ ಶೆಡ್ಯೂಲ್ ಎಕ್ಸ್ ಅನ್ನೋ ಕಟ್ಟುನಿಟ್ಟಿನ ಪಟ್ಟಿಯ ಔಷಧಿ, ಚೀಟಿಯ ಎರಡು ಪ್ರತಿ ಇಲ್ಲದೇ ಅಂಗಡಿಯಲ್ಲಿ ಕೊಡುವ ಹಾಗಿಲ್ಲ. ಸುಮ್ನೆ ಹಾಗೆ ಮಾಡಿಲ್ಲ.

ಬುದ್ಧಿ ಹೇಳೋದಿಲ್ಲ ಅಂದುಕೊಂಡೇ ಕೂತೆ, ನೋಡು ಎಷ್ಟಾಯಿತು.

ಅಪ್ಪ ಹೇಳಿದರು, ಒಪ್ಪಿಗೆ ಪತ್ರವನ್ನು ನೀನು ಎರಡು ಸಲ ಓದಿ, ಡಾಕ್ಟರಿಗೆ ಹನ್ನೊಂದು ಪ್ರಶ್ನೆ ಕೇಳಿ, ಆಮೇಲೆ ಸಹಿ ಹಾಕಿದೆಯಂತೆ. ನಿನ್ನ ಮ್ಯಾನೇಜರಿಗೆ ನೀನೇ ಹೇಳಿ ರಜ ತಗೊಂಡೆಯಂತೆ. ನನ್ನ ಸರ್ವಿಸಿನಲ್ಲಿ ಹಾಗೆ ಓದಿ ಸಹಿ ಹಾಕಿದವರನ್ನು ಬೆರಳಲ್ಲಿ ಎಣಿಸಬಹುದು. ಹಾಸಿಗೆಯಿಂದ ಏಳೋದೇ ಬೆಟ್ಟ ಹತ್ತಿದಂತಿದ್ದ ದಿನಗಳಲ್ಲಿ ನೀನು ಇಷ್ಟು ಮಾಡಿದೆ. ನನಗೆ ಎಷ್ಟು ಹೆಮ್ಮೆ ಅಂತ ಭಾನುವಾರವೇ ಹೇಳಬೇಕಿತ್ತು.

ಗುರುವಾರ ನಾನು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತೇನೆ. ಮಾನಿಟರ್ ನನ್ನ ಬೆನ್ನಿಗಿರಲಿ, ಅದನ್ನು ನೋಡಿಕೊಳ್ಳೋಕೆ ಅಲ್ಲಿನ ಸಿಸ್ಟರ್ ಇದ್ದಾರೆ. ನಿನ್ನ ಕಣ್ಣು ಎಲ್ಲೇ ಅಲೆದಾಡಲಿ, ಹೆಸರಿಡಿದು ಕರೆಯೋದಿಲ್ಲ, ಕೆನ್ನೆ ತಟ್ಟೋದಿಲ್ಲ. ನೀನಾಗೇ ಮಾತಾಡಿಸುವವರೆಗೂ ಸುಮ್ಮನಿರುತ್ತೇನೆ. ಫ್ಲಾಸ್ಕಿನಲ್ಲಿ ಮೋಸಂಬಿ ಜ್ಯೂಸ್ ತಂದಿರುತ್ತೇನೆ, ಸಿಸ್ಟರ್ ಸರಿ ಅಂದ ಮೇಲೆ ಕುಡಿ.

ಒಂದೇ ಒಂದು ವಿಷಯ ಮೊದಲೇ ಹೇಳಿಬಿಡು, ಆಮೇಲೆ ಕೇಳೋಕಾಗಲ್ಲ. ಕೈ ಹಿಡಿದುಕೊಂಡಿರಲಾ, ಬೇಡವಾ?

ನಿನ್ನ
ಅಮ್ಮ